ಅರ್ಧ ನಿಮಿಷದ ಕೊಂಡಿ

ಸದನದಲ್ಲಿ ಆಡಿದ ಮಾತನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಬರೆಯುತ್ತಿದ್ದೇನೆ. ಸುಳ್ಳನ್ನೂ ಬರೆದಿದ್ದೇನೆ, ನಿಜವನ್ನೂ ಬರೆದಿದ್ದೇನೆ. ಶೀಘ್ರಲಿಪಿಯಲ್ಲಿ ಎರಡಕ್ಕೂ ಹಿಡಿಯುವುದು ಅಷ್ಟೇ ಹೊತ್ತು. ಸದಸ್ಯರು ಮೇಜು ಕುಟ್ಟಿದರೆ ಕುಟ್ಟಿದರೆಂದು ಬರೆಯಬೇಕು, ಗೊರಕೆ ಹೊಡೆದರೆ ಮಾತ್ರ ಬರೆಯುವಂತಿಲ್ಲ. ಈ ನಿಯಮ ಮಾಡಿದವರು ಯಾರೆಂದು ನನಗೆ ಊಹಿಸುವುದು ಕಷ್ಟವಲ್ಲ.

ನಾವು ಎಂಟು ಜನ. ಒಬ್ಬೊಬ್ಬರದು ಐದು ನಿಮಿಷದ ಸರದಿ. ಒಳಗೆ ಕೂತು ಬರೆದುಕೊಂಡು ಹೊರಗೆ ಬಂದರೆ ಮುಂದಿನ ಮೂವತ್ತೈದು ನಿಮಿಷದಲ್ಲಿ ಅದನ್ನು ಟೈಪ್ ಮಾಡಿ ಮುಗಿಸಿ ಮತ್ತೆ ಬಾಗಿಲಿಗೆ ಓಡಬೇಕು. ಹೀಗಾಗಿ ನಮ್ಮಲ್ಲಿ ಯಾರೂ ಒಂದು ಚರ್ಚೆಯನ್ನು ತಲೆಯಿಂದ ಬಾಲದವರೆಗೆ ಕೇಳಿದವರಲ್ಲ. ಒಬ್ಬರು ಏಳುವ ಮೊದಲೇ ಮುಂದಿನವರು ಬಂದು ಪಕ್ಕದಲ್ಲಿ ಕೂರುತ್ತಾರೆ, ಕೊನೆಯ ಅರ್ಧ ನಿಮಿಷವನ್ನು ಇಬ್ಬರೂ ಬರೆಯುತ್ತಾರೆ. ಇದಕ್ಕೆ ನಾವು ಕೊಂಡಿ ಎನ್ನುತ್ತೇವೆ. ಟೈಪ್ ಆದ ಮೇಲೆ ನನ್ನ ಕೊನೆಯ ಸಾಲುಗಳೂ ಅವರ ಮೊದಲ ಸಾಲುಗಳೂ ಒಂದೇ ಆಗಿರಬೇಕು. ನನ್ನ ನಂತರದ ಸರದಿ ಇನ್ನು ಮೂರು ತಿಂಗಳಲ್ಲಿ ನಿವೃತ್ತನಾಗುವ ಹಿರಿಯನದು. ಕೊಂಡಿ ಸೇರದಿದ್ದರೆ ಊಟ ಬಿಟ್ಟು ಕೂರುವ ಮನುಷ್ಯ, ಆದ್ದರಿಂದ ಎಲ್ಲರ ಬಾಯಲ್ಲೂ ಕೊಂಡಿಮಾಮ.

ಆ ದಿನ ಎರಡು ಮಸೂದೆಗಳಿದ್ದವು. ಮೊದಲನೆಯದು ಅಂತರ್ಜಾಲದಲ್ಲಿ ಮಕ್ಕಳನ್ನು ಕಾಡುವವರ ಶಿಕ್ಷೆಯದು: ಮಗುವಿನ ಹೆಸರು, ಚಿತ್ರ, ವಿಳಾಸ ಬಳಸಿ ನಕಲಿ ಪುಟ ತೆರೆದವರಿಗೆ ಕನಿಷ್ಠ ಮೂರು ವರ್ಷ, ನ್ಯಾಯಾಧೀಶರೇ ಮನಸ್ಸು ಮಾಡಿದರೂ ಒಂದು ದಿನ ಕಡಿಮೆ ಮಾಡುವಂತಿಲ್ಲ. ಎರಡನೆಯದು ಸರ್ಕಾರಿ ಮನೆಗಳದು. ಅದರ ಏಳನೇ ಕಲಮಿನಂತೆ, ಮನೆಯ ಯಾರೊಬ್ಬರಾದರೂ ಇಂಥ ಅಪರಾಧದಲ್ಲಿ ಸಿಕ್ಕಿಬಿದ್ದರೆ ಇಡೀ ಕುಟುಂಬ ಮೂವತ್ತು ದಿನದಲ್ಲಿ ಮನೆ ಖಾಲಿ ಮಾಡಬೇಕು. ಬೇರೆ ದಿನವಾಗಿದ್ದರೆ ಎರಡನ್ನೂ ನಾನು ಕೈಯಲ್ಲಿ ಕೇಳಿ ಕೈಯಲ್ಲೇ ಮರೆಯುತ್ತಿದ್ದೆ. ನಮ್ಮ ಕೆಲಸದಲ್ಲಿ ಮಾತು ತಲೆಗೆ ಹತ್ತಿದರೆ ಕೈ ಹಿಂದೆ ಬೀಳುತ್ತದೆ.

ಆದರೆ ಅವತ್ತು ಬೆಳಿಗ್ಗೆ ಏಳೂವರೆಗೆ, ನನ್ನಿಂದ ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದ ಹದಿನಾಲ್ಕು ವರ್ಷದ ಮಗಳು ಕನ್ನಡಿಯಲ್ಲಿ ನನ್ನ ಮುಖ ನೋಡದೆ ಹೇಳಿದ್ದಳು, "ಅಮ್ಮ, ಗುಬ್ಬಿ ಹೆಸರಲ್ಲಿ ಆ ಪೇಜ್ ಮಾಡಿದ್ದು ನಾನೇ."

ಗುಬ್ಬಿ ನಮ್ಮ ಕೆಳಮನೆಯ ಹುಡುಗಿ. ಹುಟ್ಟಿದಾಗ ಅಂಗೈಯಷ್ಟಿದ್ದಳು, ಆ ಹೆಸರು ಹಾಗೇ ಉಳಿಯಿತು. ನನ್ನ ಮಗಳಿಗಿಂತ ಎರಡು ತಿಂಗಳು ಚಿಕ್ಕವಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಒದ್ದಾಡಿ ಬೆಳೆದವರು. ಗುಬ್ಬಿ ಈ ವರ್ಷ ಶಾಲೆಯಲ್ಲಿ ಬೇರೆ ಹುಡುಗಿಯ ಪಕ್ಕ ಕೂರಲು ಶುರು ಮಾಡಿದಳಂತೆ. ಅಷ್ಟಕ್ಕೇ ನನ್ನ ಮಗಳಿಗೆ ಹೊಟ್ಟೆಗೆ ಬೆಂಕಿ ಬಿತ್ತು. ಗುಬ್ಬಿಯ ಚಿತ್ರ ಹಾಕಿ, ನಂಬರು ಹಾಕಿ, ಕ್ವಾರ್ಟರ್ಸಿನ ಬ್ಲಾಕು, ಮನೆ ಸಂಖ್ಯೆ ಎಲ್ಲ ಹಾಕಿ, 'ನಾನು ಒಂಟಿ, ಯಾರಾದರೂ ಮಾತಾಡಿ' ಎಂದು ಬರೆದಳು. ತಮಾಷೆಗೆ. ನಾಲ್ಕು ದಿನದಲ್ಲಿ ನಲವತ್ತಮೂರು ಗಂಡಸರು ಮಾತಾಡಲು ಬಂದರು. ನೀಲಿ ಹೆಲ್ಮೆಟ್ಟಿನ ಒಬ್ಬ ಮೊನ್ನೆ ಸಂಜೆ ಕ್ವಾರ್ಟರ್ಸಿನ ಗೇಟಿನವರೆಗೂ ಬಂದು ಒಂದು ಗಂಟೆ ನಿಂತು ಹೋದ. ಅಂದಿನಿಂದ ಗುಬ್ಬಿ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಅವಳ ಮನೆಯವರು ಪೊಲೀಸರಿಗೆ ದೂರು ಕೊಟ್ಟಿದ್ದರು.

ನಾನು ಮಗಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಅದೇ ಎಷ್ಟೋ ವಾಸಿಯಾಗಿತ್ತು. ಅವಳ ಕೈಯಿಂದ ಫೋನು ಕಿತ್ತುಕೊಂಡು ಆ ಪುಟ ನೋಡಿದೆ. ಹೆಲ್ಮೆಟ್ಟಿನವನ ಮಾತುಗಳೂ ಅಲ್ಲಿದ್ದವು. ತನ್ನ ಮುಖದ ಚಿತ್ರ ಕಳಿಸಿದ್ದ, ತಾನು ಕೆಲಸ ಮಾಡುವ ಟೈರಿನ ಅಂಗಡಿಯ ಹೆಸರನ್ನೂ ಹೇಳಿದ್ದ. ನಾನು ಅದನ್ನು ಓದಿದೆ. ಓದಿ, "ಅಳಿಸು" ಎಂದೆ.

"ಪೂರ್ತಿನಾ?"

"ಪೂರ್ತಿ. ಯಾರ ಹತ್ರಾನೂ ಬಾಯಿ ಬಿಡಬೇಡ. ಇವತ್ತು ಹೊಟ್ಟೆನೋವು ಅಂತ ಮನೇಲೇ ಇರು."

ಅವಳು ಅಳಿಸಿದಳು. ಅರ್ಧಕ್ಕೆ ನಿಂತಿದ್ದ ಜಡೆಯನ್ನು ನಾನು ಮುಗಿಸಲೇ ಇಲ್ಲ.

ಮಗಳ ಅಪ್ಪ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿ ಒಂಬತ್ತು ವರ್ಷವಾಯಿತು. ನನಗಿರುವುದು ಈ ಕೆಲಸ, ಕೆಲಸದಿಂದ ಸಿಕ್ಕ ಎರಡು ಕೋಣೆಯ ಮನೆ, ಈ ಮಗಳು. ಅಪರಾಧವೆಂದು ಸಾಬೀತಾದರೆ ಮೂರೂ ಒಟ್ಟಿಗೆ ಅಲ್ಲಾಡುತ್ತವೆ. ಹೊಸ ಕಾಯ್ದೆ ಹಳೆಯ ತಪ್ಪಿಗೆ ಅನ್ವಯಿಸದು ಎಂಬುದನ್ನು ನಾನೇ ಸಾವಿರ ಸಲ ಟೈಪ್ ಮಾಡಿದ್ದೇನೆ. ಆದರೆ ಹೆದರಿಕೆಗೆ ಕಾನೂನು ಗೊತ್ತಿರುವುದಿಲ್ಲ.

ಇನ್ನೊಂದು ಮಾತು ಹೇಳಲಿಲ್ಲ. ಸದನದ ಬಾಗಿಲು ಕಾಯುವವನು ಗುಬ್ಬಿಯ ಅಪ್ಪ.

ವರದಿಗಾರರು ಒಳಹೋಗುವ ಪಕ್ಕದ ಬಾಗಿಲು ಅವನದು. ಕರಿ ಕೋಟು, ಪಟ್ಟಿಯ ಟೋಪಿ ಹಾಕಿಕೊಂಡು ನಿಂತಿರುತ್ತಾನೆ. ಗೋಡೆಯ ಗಡಿಯಾರ ನೋಡಿ, ಹಿಡಿಯ ಸದ್ದಾಗದಂತೆ ಬಾಗಿಲು ತೆಗೆದು, "ಬನ್ನಿ ಅಕ್ಕ" ಎನ್ನುತ್ತಾನೆ. ಮೊದಲ ದಿನದಿಂದಲೂ ಅಕ್ಕ. ನನ್ನ ಗಂಡ ಬಿಟ್ಟುಹೋದಾಗ ಸಾಮಾನನ್ನೆಲ್ಲ ಎರಡನೇ ಮಹಡಿಗೆ ಹೊತ್ತು ಹಾಕಿದವನು ಅವನೇ. ಅವನಿಗೆ ಒಳಗಿನ ಮಾತು ಕೇಳಿಸುವುದಿಲ್ಲ. ಬಾಗಿಲಿಗೆ ದಪ್ಪ ಮೆತ್ತೆ ಹೊಡೆದಿದ್ದಾರೆ. ತೆರೆದಾಗ ನಾಲ್ಕು ಪದ ಹೊರಗೆ ಬೀಳುತ್ತವೆ, ಮುಚ್ಚಿದರೆ ಮುಗಿಯಿತು. ಇಡೀ ದೇಶದ ಮಾತಿನ ಪಕ್ಕದಲ್ಲೇ ನಿಂತು ಏನೂ ಕೇಳದ ಮನುಷ್ಯ.

ಹನ್ನೊಂದು ಗಂಟೆಗೆ ನನ್ನ ಮೊದಲ ಸರದಿ. ಬರೆದುಕೊಂಡು ಹೊರಗೆ ಬಂದಾಗ ಅವನು ಬಗ್ಗಿ ಕೇಳಿದ, "ಏನಂತಾರೆ ಅಕ್ಕ ಒಳಗೆ? ಎಷ್ಟು ವರ್ಷ ಹಾಕ್ತಾರಂತೆ?"

"ಮೂರು ಅಂತಿದ್ದಾರೆ."

"ಮೂರೇನಾ? ನನ್ನ ಕೈಗೆ ಸಿಕ್ಕಿದ್ರೆ..." ಎಂದವನು ಪೂರ್ತಿ ಮಾಡಲಿಲ್ಲ. ಅವನಿಗೆ ಬಯ್ಯಲು ಬರುವುದಿಲ್ಲ. "ಯಾರು ಮಾಡಿರಬಹುದು ಅಂತೀರ? ಮನೆ ನಂಬರ್ ಕೂಡ ಗೊತ್ತಿತ್ತಲ್ಲ ಅವರಿಗೆ."

"ಟೈಪ್ ಮಾಡ್ಬೇಕು ತಮ್ಮ, ಹೊತ್ತಾಗುತ್ತೆ" ಎಂದು ನಾನು ಓಡಿದೆ.

ಹನ್ನೊಂದು ನಲವತ್ತಕ್ಕೆ ಮತ್ತೆ ಬಾಗಿಲು. ಆಗ ಅವನಿಗೆ ಪುರುಸೊತ್ತಿರಲಿಲ್ಲ, ಯಾರೋ ಅಧಿಕಾರಿಗಳು ನಿಂತಿದ್ದರು. ದೇವರು ದೊಡ್ಡವನು ಎಂದುಕೊಂಡೆ. ಟೈಪ್ ಕೋಣೆಯಲ್ಲಿ ನನ್ನ ಕುರ್ಚಿಗೆ ಮುಳ್ಳು ಬಂದಂತಾಗಿತ್ತು. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಎಂಟು ಜನರಲ್ಲಿ ಕಿರಿಯಳು, "ಮೇಡಂ, ಮೂರು ಸಲ ನೀರು ಕುಡಿದ್ರಿ" ಎಂದಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. "ಲೆಕ್ಕ ಹಾಕೋಕೆ ನಿನ್ನ ಇಟ್ಟಿದ್ದಾರಾ?" ಎಂದು ಅವಳ ಮೇಲೆ ಹರಿಹಾಯ್ದೆ. ಪಾಪದ ಹುಡುಗಿ ತನ್ನ ಟೈಪಿನತ್ತ ತಿರುಗಿದಳು.

ಹನ್ನೆರಡು ಇಪ್ಪತ್ತಕ್ಕೆ ಬಾಗಿಲ ಬಳಿ ಹೋದಾಗ ಅವನ ಮುಖ ಬಿಳಿಚಿಕೊಂಡಿತ್ತು. ಟೋಪಿ ಕೈಯಲ್ಲಿತ್ತು. ಕೆಲಸದ ಹೊತ್ತಿನಲ್ಲಿ ಅವನು ಟೋಪಿ ತೆಗೆದದ್ದನ್ನು ನಾನು ನೋಡಿದ್ದೇ ಇಲ್ಲ.

"ಪೊಲೀಸ್ನೋರು ಫೋನ್ ಮಾಡಿದ್ರು ಅಕ್ಕ. ಆ ಪೇಜೇ ಈಗ ಇಲ್ವಂತೆ. ಬೆಳಿಗ್ಗೆ ಯಾರೋ ತೆಗೆದುಹಾಕಿದ್ದಾರಂತೆ. ಗೇಟ್ ಹತ್ರ ಬಂದಿದ್ನಲ್ಲ, ಅವನು ಯಾರು ಅಂತ ಗೊತ್ತಾಗೋದಿದ್ರೆ ಅದರಲ್ಲೇ ಗೊತ್ತಾಗ್ಬೇಕಿತ್ತು ಅಂದ್ರು. ಕಂಪನಿಯಿಂದ ತರಿಸ್ಕೊಳ್ಳೋಕೆ ವಾರಗಟ್ಲೆ ಬೇಕಂತೆ."

ನಾನು ಅವನ ಮುಖ ಬಿಟ್ಟು ಗಡಿಯಾರ ನೋಡಿದೆ.

"ಈಗ ಹತ್ತು ನಿಮಿಷದ ಹಿಂದೆ ಅವನು ಮತ್ತೆ ಫೋನ್ ಮಾಡಿದ್ದ. ದಿನಾ ಒಂದೊಂದು ನಂಬರಿಂದ ಮಾಡ್ತಾನೆ. ನಾಲ್ಕು ಗಂಟೆಗೆ ಬರ್ತೀನಿ, ಬಾಗಿಲು ತೆಗಿ ಅಂದನಂತೆ. ಮನೇಲಿ ಅವಳಜ್ಜಿ ಒಬ್ರೇ ಇರೋದು, ಅವರಿಗೆ ಕಿವಿ ಕೇಳಲ್ಲ. ಇವಳಮ್ಮನಿಗೆ ಆಸ್ಪತ್ರೇಲಿ ಡ್ಯೂಟಿ. ನಾನು ರಜೆ ಕೇಳಿದೆ, ಸದನ ನಡೆಯುವಾಗ ಬಾಗಿಲು ಬಿಟ್ಟು ಹೋಗೋ ಹಾಗಿಲ್ಲ ಅಂದ್ರು." ಗಡಿಯಾರ ನೋಡಿ ಬಾಗಿಲ ಹಿಡಿ ತಿರುಗಿಸಿದ. "ಬನ್ನಿ ಅಕ್ಕ. ಸ್ವಲ್ಪ ಸರಿಯಾಗಿ ಕೇಳಿಸ್ಕೊಂಡು ಬನ್ನಿ."

ಒಳಗೆ ವಿರೋಧ ಪಕ್ಷದ ಸದಸ್ಯೆಯೊಬ್ಬರು ನಿಂತಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು; ಮಾತಾಡುವಾಗ ಈಗಲೂ ಬಲಗೈಯಲ್ಲಿ ಸೀಮೆಸುಣ್ಣ ಹಿಡಿದಂತೆಯೇ ಬೆರಳು ಮಡಚುತ್ತಾರೆ. ಅವರ ಮಾತನ್ನು ಬರೆಯುವುದು ಸುಲಭ, ವಾಕ್ಯ ಮುಗಿಸುತ್ತಾರೆ. ನಾನು ತಲೆ ತಗ್ಗಿಸಿ ಬರೆಯುತ್ತಾ ಹೋದೆ. ಕೈ ಓಡುತ್ತಿತ್ತು, ತಲೆಯಲ್ಲಿ ನಾಲ್ಕು ಗಂಟೆ ಎಂಬುದು ಗಿರಕಿ ಹೊಡೆಯುತ್ತಿತ್ತು. ಕೊಂಡಿಮಾಮ ಬಂದು ಪಕ್ಕದಲ್ಲಿ ಕೂತು ಪೆನ್ಸಿಲು ತೆಗೆದ. ಕೊನೆಯ ಅರ್ಧ ನಿಮಿಷ. ಆಗ ಸದಸ್ಯೆ ಕೇಳಿದರು:

"ಮಾಡಿದ್ದು ಇನ್ನೊಂದು ಮಗುವೇ ಆಗಿದ್ದರೆ ಸಚಿವರು ಏನು ಮಾಡುತ್ತಾರೆ? ಅದಕ್ಕೂ ಮೂರು ವರ್ಷವೇ?"

ಸಚಿವರು ಎದ್ದರು. ಉತ್ತರ ಕೊಟ್ಟರು. ನಾನು ಬರೆದೆ. ಎದ್ದು ಬಂದೆ. ಬಾಗಿಲಲ್ಲಿ ಅವನು ಮತ್ತೇನೋ ಕೇಳಿದ, ನಾನು ಏನೋ ಹೇಳಿದೆ. ಏನು ಹೇಳಿದೆನೆಂದು ಈಗ ನೆನಪಿಲ್ಲ. ಬೇರೆಯವರ ಮಾತು ಬರೆದಿಡುವವರಿಗೆ ತಮ್ಮ ಮಾತು ನೆನಪಿರುವುದಿಲ್ಲ.

ಹನ್ನೆರಡು ಮುಕ್ಕಾಲಿಗೆ ಕೊಂಡಿಮಾಮ ತನ್ನ ಹಾಳೆ ಹಿಡಿದು ನನ್ನ ಮೇಜಿಗೆ ಬಂದ. ಕನ್ನಡಕವನ್ನು ಹಣೆಗೇರಿಸಿದ್ದ. ಅದು ಕೊಂಡಿ ಸೇರದ ಗುರುತು.

"ಅಮ್ಮಣ್ಣಿ, ನಿನ್ನ ಕೊನೆ ನನ್ನ ಮೊದಲಿಗೆ ಕೂರ್ತಿಲ್ಲ."

"ಎಲ್ಲಿ ಮಾಮ?"

"ಸಚಿವರ ಉತ್ತರ. ನೀನು ಹಾಕಿರೋದು, 'ಅಂಥ ಮಗುವಿಗೆ ವಿನಾಯಿತಿ ಕೊಡುವ ವಿಚಾರ ಮಾತಾಡೋಣ.' ಅಷ್ಟೇ. ಮೊದಲ ವಾಕ್ಯ ಎಲ್ಲಿ ಹೋಯ್ತು?"

"ಅಷ್ಟೇ ಅಲ್ವಾ ಅಂದಿದ್ದು?"

ಅವನು ತನ್ನ ಹಾಳೆಯನ್ನು ನನ್ನ ಮುಂದಿಟ್ಟ. ಅದರಲ್ಲಿ ಹೀಗಿತ್ತು: 'ಅಂಥ ಮಗು ಇದೆಯೆಂದು ಗೊತ್ತಿರುವವರು ಮೊದಲು ಎದ್ದು ಬಂದು ಹೇಳಲಿ. ಆಮೇಲೆ ಅಂಥ ಮಗುವಿಗೆ ವಿನಾಯಿತಿ ಕೊಡುವ ವಿಚಾರ ಮಾತಾಡೋಣ.'

ನಾನು ನನ್ನ ಶೀಘ್ರಲಿಪಿಯ ಪುಸ್ತಕ ತಿರುವಿದೆ. ಅಲ್ಲಿ ಮೊದಲ ವಾಕ್ಯವೇ ಇರಲಿಲ್ಲ. ಗೀಚಿ ಅಳಿಸಿದ್ದಲ್ಲ, ಬರೆದೇ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನರ ಕೂಗಾಟ, ಬೈಗುಳ, ಅಸಂಬದ್ಧ ಎಲ್ಲವನ್ನೂ ಹಿಡಿದ ಕೈ, ಒಂದು ಇಡೀ ವಾಕ್ಯವನ್ನು ನನಗೆ ಹೇಳದೆ ಬಿಟ್ಟುಬಿಟ್ಟಿತ್ತು. ಧ್ವನಿಮುದ್ರಣ ಹಾಕಿ ಕೇಳಿದೆ. ಸಚಿವರು ಅದನ್ನು ಕುಹಕದಿಂದಲೇ ಹೇಳಿದ್ದರು, ಹೇಳುವಾಗ ತಮ್ಮ ಕಡೆಯ ಬೆಂಚಿನತ್ತ ನೋಡಿ ನಕ್ಕಿರಬೇಕು, ಹಿಂದೆ ಮೇಜು ಕುಟ್ಟಿದ ಸದ್ದಿತ್ತು. ಉತ್ತರ ಹಾರಿಸುವ ಹಳೆಯ ಚಾಳಿ. ಆದರೆ ಮಾತು ಮಾತ್ರ ಸ್ಪಷ್ಟವಾಗಿತ್ತು. ಮೊದಲು ಎದ್ದು ಬಂದು ಹೇಳಲಿ.

"ಹುಷಾರಿಲ್ವಾ?" ಎಂದ ಕೊಂಡಿಮಾಮ. "ಎಲ್ಲರಿಗೂ ಒಂದು ಸಲ ಆಗುತ್ತೆ. ಬಿಟ್ಟಿದ್ದನ್ನ ಸೇರಿಸಿಬಿಡು, ಮುಗೀತು."

ನಾನು ಸೇರಿಸಿದೆ. ಎರಡು ಸಲ ತಪ್ಪು ಒತ್ತಿದೆ. ಬೆಳಿಗ್ಗೆ ಒಂದು, ಈಗ ಒಂದು. ಒಂದೇ ದಿನ ನಾನು ಎರಡು ದಾಖಲೆ ಅಳಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎರಡನೆಯದನ್ನು ಸರಿಪಡಿಸಲು ಕೊಂಡಿಮಾಮನಿದ್ದ. ಮೊದಲನೆಯದಕ್ಕೆ ನನ್ನ ಪಕ್ಕ ಕೂತು ಬರೆದವರು ಯಾರೂ ಇರಲಿಲ್ಲ.

ಕಾರಿಡಾರಿನ ಕೊನೆಯ ಕಿಟಕಿಯ ಬಳಿ ನಿಂತು ಮನೆಗೆ ಫೋನ್ ಮಾಡಿದೆ. ಮಗಳು ಮೊದಲ ರಿಂಗಿಗೇ ಎತ್ತಿದಳು.

"ಆ ಪೇಜ್ ವಾಪಸ್ ತರೋಕಾಗುತ್ತಾ?" ಎಂದೆ.

"ನೀನೇ ಅಳಿಸು ಅಂದೆ."

"ಹೌದು, ನಾನೇ ಅಂದೆ. ಅದು ನನ್ನ ತಪ್ಪು. ವಾಪಸ್ ಬರುತ್ತಾ ಹೇಳು."

"ಮೂವತ್ತು ದಿನ ಇರುತ್ತೆ. ಪಾಸ್‌ವರ್ಡ್ ಹಾಕಿದ್ರೆ ಎಲ್ಲ ಬರುತ್ತೆ. ಮೆಸೇಜೂ."

"ಪಾಸ್‌ವರ್ಡ್ ಹೇಳು, ಬರ್ಕೊಳ್ತೀನಿ."

ಅವಳು ಹೇಳಿದಳು. ಇಬ್ಬರೂ ಚಿಕ್ಕವರಿದ್ದಾಗ ಸಾಕಿದ್ದ ಬೆಕ್ಕಿನ ಹೆಸರು, ಅದರ ಮುಂದೆ ಗುಬ್ಬಿಯ ಹುಟ್ಟಿದ ದಿನ. ನನಗೆ ಅಳು ಬಂತು. ಗೆಳತಿಯ ಮೇಲೆ ಹಗೆ ತೀರಿಸಿಕೊಳ್ಳಲೂ ಈ ಹುಡುಗಿಗೆ ಗೆಳತಿಯ ಹುಟ್ಟುಹಬ್ಬವೇ ಬೇಕಾಗಿತ್ತು.

"ಅಮ್ಮ, ಪೊಲೀಸ್ ಬರ್ತಾರಾ?"

"ಬರಬಹುದು."

"ಮನೆ ಹೋಗುತ್ತಾ?"

"ಗೊತ್ತಿಲ್ಲ ಕಣೆ."

"ಗುಬ್ಬಿಗೆ ಯಾರು ಹೇಳ್ತಾರೆ?"

"ಅವಳಪ್ಪನಿಗೆ ನಾನು ಹೇಳ್ತೀನಿ. ಗುಬ್ಬಿಗೆ ನೀನೇ ಹೇಳ್ಬೇಕು. ಅವಳು ಕೇಳೋಕೆ ತಯಾರಾದಾಗ." ಫೋನಿಡುವ ಮೊದಲು ಸೇರಿಸಿದೆ, "ಹೊರಗಿನ ಬಾಗಿಲಿಗೆ ಚಿಲಕ ಹಾಕ್ಕೊಂಡಿರು. ಊಟ ಮಾಡು."

ಪಾಸ್‌ವರ್ಡನ್ನು ಅಭ್ಯಾಸಬಲದಿಂದ ಶೀಘ್ರಲಿಪಿಯಲ್ಲಿ ಗೀಚಿಕೊಂಡಿದ್ದೆ. ಗುಬ್ಬಿಯ ಅಪ್ಪನಿಗೆ ಅದು ಓದಲು ಬರುವುದಿಲ್ಲ. ಇನ್ನೊಂದು ಹಾಳೆ ತೆಗೆದು, ಒಂದನೇ ತರಗತಿಯ ಮಕ್ಕಳಂತೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದೆ: ಪುಟದ ಹೆಸರು, ಪಾಸ್‌ವರ್ಡು, ಟೈರಿನ ಅಂಗಡಿಯ ಹೆಸರು. ಕೆಳಗೆ ನನ್ನ ಹೆಸರು, ಮಗಳ ಹೆಸರು. ಅದನ್ನು ಮಡಚಿ ಹಿಡಿದು ಹೋದಾಗ ಬಾಗಿಲ ಮೇಲಿನ ಗಡಿಯಾರದಲ್ಲಿ ಒಂದು ಗಂಟೆಗೆ ಎರಡು ನಿಮಿಷವಿತ್ತು. ಮೊದಲ ಮಸೂದೆ ಪಾಸಾಗಿ ಮನೆಗಳ ಮಸೂದೆ ಶುರುವಾಗಿತ್ತು.

"ಏನಾಯ್ತು ಅಕ್ಕ? ಪಾಸ್ ಆಯ್ತಾ?" ಎಂದು ಅವನು ಕೇಳಿದ.

"ಆಯ್ತು." ಒಂದೇ ಉಸಿರಿಗೆ ಹೇಳದಿದ್ದರೆ ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. "ತಮ್ಮ, ಆ ಪೇಜ್ ಮಾಡಿದ್ದು ನನ್ನ ಮಗಳು. ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಅಳಿಸಿಸಿದ್ದು ನಾನು. ಇದರಲ್ಲಿ ಎಲ್ಲ ಇದೆ, ವಾಪಸ್ ಬರುತ್ತೆ. ಅವನ ಫೋಟೋ ಇದೆ, ಅವನ ಅಂಗಡಿ ಹೆಸರಿದೆ. ಈಗಲೇ ಪೊಲೀಸರಿಗೆ ಫೋನ್ ಮಾಡು. ನಾಲ್ಕು ಗಂಟೆಯೊಳಗೆ ಆಗ್ಬೇಕು."

ಅವನು ಹಾಳೆ ತೆಗೆದುಕೊಂಡ. ಬಿಡಿಸಿ ಓದಿದ. ಮತ್ತೊಂದು ಸಲ ಓದಿದ, ಕೆಳಗಿನ ಹೆಸರಿನವರೆಗೂ. ಬಯ್ಯಲಿ ಎಂದು ಕಾದೆ. ಹೊಡೆದರೂ ಹೊಡೆಯಲಿ ಎನಿಸಿತು. ಅವನು ಹಾಳೆಯನ್ನು ಅದೇ ಮಡಿಕೆಗೆ ಮಡಚಿ ಕೋಟಿನ ಜೇಬಿಗಿಟ್ಟು ಗಡಿಯಾರ ನೋಡಿದ. ಒಂದಕ್ಕೆ ಅರ್ಧ ನಿಮಿಷವಿತ್ತು. ಬಾಗಿಲು ತೆಗೆದ. ಹಿಡಿಯ ಸದ್ದಾಗಲಿಲ್ಲ.

"ಹೋಗಿ ಮೇಡಂ," ಎಂದ. "ನಿಮ್ಮ ಸರದಿ."

ಒಳಗೆ ವಸತಿ ಸಚಿವರು ಏಳನೇ ಕಲಂ ಓದುತ್ತಿದ್ದರು. ಇಡೀ ಕುಟುಂಬ, ಮೂವತ್ತು ದಿನ, ಮೇಲ್ಮನವಿಗೆ ಅವಕಾಶವಿಲ್ಲ. ಒಂದು ಪದ ಬಿಡದೆ ಬರೆದುಕೊಂಡೆ. ಮನೆಯ ಬಗ್ಗೆ ಅಷ್ಟು ಹೊತ್ತು ಹೆದರಿದ್ದೆನಲ್ಲ, ಆ ಐದು ನಿಮಿಷದಲ್ಲಿ ನನ್ನ ಕಿವಿಯಲ್ಲಿದ್ದದ್ದು 'ಮೇಡಂ' ಎಂಬ ಒಂದು ಮಾತು ಮಾತ್ರ.

ಹೊರಗೆ ಬಂದಾಗ ಬಾಗಿಲು ಹಿಡಿದು ನಿಂತಿದ್ದವನು ಬೇರೆಯವನು.

"ಅವನೆಲ್ಲಿ?" ಎಂದೆ.

"ಓಡಿಹೋದ ಮೇಡಂ. ಯಾರನ್ನೂ ಕೇಳ್ಲಿಲ್ಲ. ಟೋಪೀನೂ ಇಲ್ಲೇ ಬಿಟ್ಟು ಹೋಗಿದ್ದಾನೆ. ಕೆಲಸಕ್ಕೇ ಕುತ್ತು ಬರುತ್ತೆ, ನೋಡ್ತಿರಿ."

ಕೊಂಡಿಮಾಮ ತನ್ನ ಐದು ನಿಮಿಷ ಮುಗಿಸಿ ಬರುವವರೆಗೆ ಕಾದು, ನನ್ನ ಶೀಘ್ರಲಿಪಿಯ ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟೆ. ಒಬ್ಬರ ಗೀಚು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ, ಆದರೆ ಅವನಿಗೆ ನನ್ನದು ಅರ್ಥವಾಗುತ್ತದೆ. "ಟೈಪ್ ಮಾಡ್ಕೊಡು ಮಾಮ. ಮನೆಗೆ ಹೋಗ್ಬೇಕು" ಎಂದೆ. ಅವನು ನನ್ನ ಮುಖ ನೋಡಿ ಪುಸ್ತಕ ತನ್ನತ್ತ ಎಳೆದುಕೊಂಡ.

ಬಸ್ಸು ಎಲ್ಲ ಸಿಗ್ನಲಿನಲ್ಲೂ ನಿಂತಿತು. ಮನೆ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಗೇಟಿನ ಬಳಿ ಪೊಲೀಸ್ ಜೀಪು. ನನ್ನ ಮಗಳು ಅರ್ಧ ಜಡೆಯಲ್ಲೇ ಗುಬ್ಬಿಯ ಮನೆಯೆದುರಿನ ಮೆಟ್ಟಿಲ ಮೇಲೆ ಕೂತಿದ್ದಳು. ಚಿಲಕ ಹಾಕಿಕೊಂಡಿರು ಎಂದಿದ್ದೆ; ನನ್ನ ಮಾತು ಎಂದು ಕೇಳಿದ್ದಾಳೆ. ನಾನು ಅವಳ ಪಕ್ಕ ಕೂತೆ. ಮುಚ್ಚಿದ ಬಾಗಿಲಿನಾಚೆ ಗಂಡಸರ ದನಿ, ಫೋನಿನ ಸದ್ದು. ಒಳಗೆ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎದ್ದು ಮೇಲೂ ಹೋಗಲಿಲ್ಲ.

ಮೂರೂಕಾಲಿಗೆ ಒಳಗಿನ ಫೋನಿನಲ್ಲಿ ಯಾರೋ "ಸಿಕ್ಕಿದ್ನಾ? ಅಂಗಡೀಲೇನಾ?" ಎಂದರು. ಆಮೇಲೆ ಗುಬ್ಬಿ ಅಳುವುದು ಕೇಳಿಸಿತು. ಮೂರು ದಿನದಿಂದ ಆ ಹುಡುಗಿ ಅತ್ತಿರಲೇ ಇಲ್ಲವೆಂದು ಅವಳಪ್ಪ ಹೇಳಿದ್ದ. ನನ್ನ ಮಗಳು ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು.

ನಾನು ಎದ್ದು ಬಾಗಿಲು ತಟ್ಟಿದೆ. ತೆಗೆದವನು ಅವನೇ. ಕೋಟು ಇನ್ನೂ ಮೈಮೇಲಿತ್ತು. ನನ್ನನ್ನೂ ಮಗಳನ್ನೂ ನೋಡಿದ. ಒಳಗಿನಿಂದ ಅಜ್ಜಿ, ಏನೊಂದೂ ಕೇಳಿಸದ ಅಜ್ಜಿ, ಬಾಗಿಲ ಬೆಳಕು ನೋಡಿ ಕೂಗಿದಳು, "ಯಾರೋ ಅದು? ಮೇಲ್ಮನೆ ಅಕ್ಕನಾ? ಒಳಗೆ ಬಾ ಅನ್ನು, ಯಾಕೆ ನಿಲ್ಲಿಸಿದ್ದೀಯ?"

ಅವನು ಬಾ ಎನ್ನಲಿಲ್ಲ. ಬಾಗಿಲು ಮುಚ್ಚಲೂ ಇಲ್ಲ. ಹಿಡಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತ.

ಅವನ ಹಿಂದಿನಿಂದ ಪೇದೆಯೊಬ್ಬ ಕೈಯಲ್ಲಿ ಹಾಳೆ ಹಿಡಿದು ಇಣುಕಿದ. "ಪೇಜ್ ಮಾಡಿದ್ದು ಯಾರು, ಅಳಿಸಿದ್ದು ಯಾರು ಅಂತ ಹೇಳಿಕೆ ಬೇಕಿತ್ತು. ನೀವೇನಾ?"

"ಮಾಡಿದ್ದು ಇವಳು. ಅಳಿಸಿಸಿದ್ದು ನಾನು, ಇವಳ ತಾಯಿ," ಎಂದೆ. "ಬರ್ಕೊಳ್ಳಿ."

ಪೇದೆ ಪೆನ್ನು ತೆಗೆದ. ನಾನು ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಹೇಳುತ್ತಾ ಹೋದೆ. ಪಾಪ, ಅವನಿಗೆ ಶೀಘ್ರಲಿಪಿ ಬರುತ್ತಿರಲಿಲ್ಲ.